ಬ್ಯಾಂಕ್ರಪ್ಟ್ಸಿ ಹಾಕುವ ಮುಂಚೆ ಮೈಸೂರಿನ ಸೈಟು ಅಮ್ಮನ ಹೆಸರಿಗೆ ಮಾಡಬಹುದಾ?

ಎಡಿಸನ್_ಹುಡುಗ:
ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದೇನೆ, ಕೆಲಸ ಹೋಗಿ ಎಂಟು ತಿಂಗಳಾಯಿತು. ಕ್ರೆಡಿಟ್ ಕಾರ್ಡು, ಮಗನ ಆಪರೇಷನ್ ಬಿಲ್ಲು ಎಲ್ಲಾ ಸೇರಿ 68 ಸಾವಿರ ಡಾಲರ್ ಸಾಲ. ಬಾಡಿಗೆ ಮನೆ, ಗ್ರೀನ್ ಕಾರ್ಡ್ ಇದೆ. ಚಾಪ್ಟರ್ 7 (ಸಾಲ ಮನ್ನಾ ಮಾಡಿ ಅಂತ ಕೋರ್ಟಿಗೆ ಹಾಕುವ ದಿವಾಳಿ ಅರ್ಜಿ) ಹಾಕೋಣ ಅಂತಿದ್ದೇನೆ. ಅದಕ್ಕೂ ಮುಂಚೆ ಮೂರು ಕೆಲಸ ಮುಗಿಸಿಬಿಡುವ ಯೋಚನೆ. ಟ್ಯಾಕ್ಸ್ ರೀಫಂಡ್ ಬಂದಿದೆ, ಅದರ ಜೊತೆ ಒಂದಿಷ್ಟು ಸೇರಿಸಿ ಡಲ್ಲಾಸ್‌ನ ಅಕ್ಕನಿಗೆ 9 ಸಾವಿರ ವಾಪಸ್ ಕೊಡುವುದು (ಭಾವನ ಮುಖ ನೋಡಲು ಆಗುತ್ತಿಲ್ಲ), ಮೈಸೂರಿನ ನನ್ನ ಸೈಟನ್ನು ಅಮ್ಮನಿಗೆ ದಾನಪತ್ರ ಮಾಡಿಸುವುದು, 401ಕೆ (ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿಯ ಉಳಿತಾಯ) ದುಡ್ಡು ತೆಗೆದು ಒಂದೆರಡು ಕಾರ್ಡಾದರೂ ತೀರಿಸುವುದು. ಸರಿನಾ?

ಬೆಣ್ಣೆದೋಸೆ:
ಇಂಡಿಯಾದ ಸೈಟು ಇಲ್ಲಿನ ಕೋರ್ಟಿಗೆ ಹೇಗ್ರೀ ಗೊತ್ತಾಗುತ್ತೆ? ಬರೆಯಲೇಬೇಡಿ, ಸುಮ್ನೆ ಇರಿ.

ಹಳೇ_ಸಾಲಗಾರ:
ಎಡಿಸನ್ ಅವರೇ, ಮೇಲಿನ ಮಾತು ಕೇಳಬೇಡಿ. ಕೆಲವು ವರ್ಷದ ಹಿಂದೆ ನಾನೂ ಚಾಪ್ಟರ್ 7 ಹಾಕಿದವನು. ನೀವು ಹೇಳಿದ ಮೂರೂ ಮಾಡಬಾರದ ಕೆಲಸವೇ.

ಮೊದಲು ಅಕ್ಕನ ದುಡ್ಡು. ಅರ್ಜಿ ಹಾಕುವ ಹಿಂದಿನ ಒಂದು ವರ್ಷದಲ್ಲಿ ಮನೆಯವರಿಗೆ ಸಾಲ ತೀರಿಸಿದ್ದರೆ ಟ್ರಸ್ಟಿ (ನಮ್ಮ ಆಸ್ತಿ, ಸಾಲದ ಲೆಕ್ಕ ನೋಡಲು ನೇಮಕವಾದವರು) ಅದನ್ನು ಅವರಿಂದಲೇ ವಾಪಸ್ ಕೇಳಬಹುದು. ನಾನು ತಮ್ಮನಿಗೆ 4 ಸಾವಿರ ಕೊಟ್ಟಿದ್ದೆ. ಅರ್ಜಿ ಹಾಕಿದ ಮೇಲೆ ಟ್ರಸ್ಟಿ ನಡೆಸುವ 341 ಮೀಟಿಂಗ್‌ನಲ್ಲಿ ಟ್ರಸ್ಟಿ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಮೊದಲು ಕೇಳಿದ್ದೇ ಅದನ್ನು, ಆಮೇಲೆ ತಮ್ಮನಿಗೆ ವಕೀಲರ ಕಾಗದ ಹೋಯಿತು. ಆ ವರ್ಷ ದೀಪಾವಳಿಗೆ ಅವನು ಫೋನ್ ಮಾಡಲಿಲ್ಲ. ರೀಫಂಡ್ ಕೂಡ ಆಸ್ತಿಯ ಲೆಕ್ಕಕ್ಕೇ ಬರುತ್ತೆ, ವಕೀಲರನ್ನು ಕೇಳದೆ ಮುಟ್ಟಬೇಡಿ.

ಸೈಟು. ಅರ್ಜಿಯಲ್ಲಿ ಪ್ರಪಂಚದಲ್ಲಿ ಎಲ್ಲೇ ಇರುವ ಆಸ್ತಿಯನ್ನೂ ಬರೆಯಬೇಕು, ಪ್ರಮಾಣ ಮಾಡಿ ಸಹಿ ಹಾಕಬೇಕು. ಬೇಕಂತಲೇ ಮುಚ್ಚಿಟ್ಟರೆ ಐದು ವರ್ಷದವರೆಗೂ ಜೈಲಾಗಬಹುದು, ಸಾಲ ಮನ್ನಾ ಆಗುವುದೂ ಇಲ್ಲ. ಎರಡು ವರ್ಷದೊಳಗೆ ದಾನ ಕೊಟ್ಟಿದ್ದರೆ ಅದನ್ನೂ ಪ್ರಶ್ನೆ ಮಾಡುತ್ತಾರೆ. ಹೇಗೆ ಗೊತ್ತಾಗುತ್ತೆ ಅಂತಾರಲ್ಲ ದೋಸೆಯವರು, ಟ್ಯಾಕ್ಸ್ ರಿಟರ್ನ್ ಕೊಡುವುದು ನಾವೇ ಅಲ್ವಾ? ಎನ್‌ಆರ್‌ಒ ಖಾತೆಯ (ಹೊರದೇಶದಲ್ಲಿರುವವರು ಇಂಡಿಯಾದಲ್ಲಿ ಇಡುವ ಬ್ಯಾಂಕ್ ಖಾತೆ) ಬಡ್ಡಿ ಅದರಲ್ಲೇ ಇರುತ್ತೆ. ಅದು ಕಂಡ ಮೇಲೆ ಊರಿನಲ್ಲಿ ಇನ್ನೇನಿದೆ ಅಂತ ಕೇಳದೆ ಬಿಡುತ್ತಾರಾ?

ಇನ್ನು 401ಕೆ. ಅದಕ್ಕೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ನೀವೇ ಹೊರಗೆ ತೆಗೆದರೆ ಆ ರಕ್ಷಣೆ ಹೋಯಿತು, 59½ ವಯಸ್ಸಾಗದವರಿಗೆ ಸಾಮಾನ್ಯವಾಗಿ ತೆರಿಗೆ ಮೇಲೆ 10% ದಂಡ ಬೇರೆ. ಹೇಗಿದ್ದರೂ ಮನ್ನಾ ಆಗುವ ಕಾರ್ಡ್ ಸಾಲಕ್ಕೆ ಮುಪ್ಪಿನ ದುಡ್ಡು ಸುರಿಯುವುದು ಯಾಕೆ?

ಮಲ್ಲಿಗೆ_ಆಸ್ಟಿನ್:
ಹಳೇ ಸಾಲಗಾರರು ಹೇಳಿದ್ದು ಸರಿ. ಇನ್ನೆರಡು ಮಾತು ಸೇರಿಸುತ್ತೇನೆ. ಕಾರ್ಡು ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಅರ್ಜಿ ಹಾಕುವ ಹಿಂದಿನ 90 ದಿನದಲ್ಲಿ ಒಂದೇ ಕಾರ್ಡಿನಲ್ಲಿ ಜಾಸ್ತಿ ಐಷಾರಾಮಿ ಖರ್ಚು, 70 ದಿನದಲ್ಲಿ ದೊಡ್ಡ ಮೊತ್ತದ ಕ್ಯಾಶ್ ಅಡ್ವಾನ್ಸ್ ಇದ್ದರೆ ಆ ಸಾಲ ನಿಮ್ಮ ತಲೆ ಮೇಲೇ ಉಳಿಯಬಹುದು. ಸರ್ಕಾರ ಒಪ್ಪಿದ ಸಂಸ್ಥೆಯಿಂದ ಕ್ರೆಡಿಟ್ ಕೌನ್ಸೆಲಿಂಗ್ ಸರ್ಟಿಫಿಕೇಟ್ ಮೊದಲೇ ಬೇಕು. ಅರ್ಜಿ ಹಾಕಿದ ಮೇಲೆ ಇನ್ನೊಂದು ಕೋರ್ಸ್ ಇದೆ, ಇದನ್ನೇ ಜನ ಮರೆಯುವುದು, ಅದು ಮಾಡದಿದ್ದರೆ ಇಷ್ಟೆಲ್ಲಾ ಒದ್ದಾಡಿಯೂ ಡಿಸ್ಚಾರ್ಜ್ (ಸಾಲ ಮನ್ನಾ ಆದೇಶ) ಸಿಗದೆ ಕೇಸು ಮುಚ್ಚಿಹೋಗುತ್ತೆ. ಕಾರ್ ಲೋನಿಗೆ ಸ್ನೇಹಿತರು ಯಾರಾದರೂ ಸಹಿ ಹಾಕಿದ್ದಾರಾ? ಚಾಪ್ಟರ್ 7ರಲ್ಲಿ ನೀವು ಬಿಡುಗಡೆ, ಅವರಲ್ಲ.

ಎಡಿಸನ್_ಹುಡುಗ:
ಕಾರಿಗೆ ಯಾರೂ ಇಲ್ಲ, ಪುಣ್ಯ. ಊರಿನಲ್ಲಿ ಅಪ್ಪನ ಎರಡು ಎಕರೆ ತೋಟ ಇದೆ, ಅದನ್ನೂ ಬರೆಯಬೇಕಾ? ಗ್ರೀನ್ ಕಾರ್ಡಿಗೆ ತೊಂದರೆ ಇಲ್ಲ ತಾನೇ?

ಹಳೇ_ಸಾಲಗಾರ:
ಅಪ್ಪನ ಸ್ವಂತ ಸಂಪಾದನೆಯಾಗಿದ್ದರೆ ಈಗ ಅದು ಅವರದ್ದು. ಪಿತ್ರಾರ್ಜಿತವಾದರೆ ನಿಮ್ಮ ಪಾಲು ಹುಟ್ಟಿನಿಂದಲೇ ಬಂದಿರುತ್ತೆ, ಪಹಣಿ ಜೊತೆ ವಕೀಲರಿಗೆ ಹೇಳಿ. ಬಿಡ್ತು ಅನ್ನಿ, ಆದರೂ ಹೇಳಬೇಕು: ಅರ್ಜಿ ಹಾಕಿದ 180 ದಿನದೊಳಗೆ ವಾರಸುದಾರಿಕೆಯಿಂದ ಏನಾದರೂ ಬಂದರೆ ಅದೂ ಲೆಕ್ಕಕ್ಕೆ ಸೇರುತ್ತೆ. ಹೆಂಡತಿಯ ಒಡವೆ ಬಗ್ಗೆಯೂ ಹೇಳಿ, ಲಾಕರ್‌ನಲ್ಲಿರುವುದೂ ಸೇರಿ. ಬ್ಯಾಂಕ್ರಪ್ಟ್ಸಿ ಹಾಕಿದ ಮಾತ್ರಕ್ಕೆ ಗ್ರೀನ್ ಕಾರ್ಡ್ ಹೋಗಲ್ಲ, ಮೋಸದ ಕೇಸಾದರೆ ಮಾತು ಬೇರೆ. ಸೈಟಿಗೆ ಜಾಸ್ತಿ ಬೆಲೆ ಇದ್ದರೆ, ಕೆಲಸ ಸಿಕ್ಕ ಮೇಲೆ ಚಾಪ್ಟರ್ 13 ಕೇಳಿ ನೋಡಿ. ಮೂರರಿಂದ ಐದು ವರ್ಷ ಕಂತು ಕಟ್ಟಬೇಕು, ಸೈಟು ಉಳಿಯಬಹುದು.

ಎಡಿಸನ್_ಹುಡುಗ:
ದಾನಪತ್ರಕ್ಕೆ ಅಂತ ತಮ್ಮನಿಗೆ ಜಿಪಿಎ (ನನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಆಗಲೇ ಕಳಿಸಿದ್ದೆ. ಈಗ ಫೋನ್ ಮಾಡಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಡ ಅಂದೆ. ಗುರುವಾರ ವಕೀಲರ ಭೇಟಿ ಇದೆ. ಅಕ್ಕನಿಗೆ ಏನು ಹೇಳಲಿ ಅಂತ ಇನ್ನೂ ಗೊತ್ತಾಗುತ್ತಿಲ್ಲ.

ಮಲ್ಲಿಗೆ_ಆಸ್ಟಿನ್:
ಇದ್ದದ್ದನ್ನೇ ಹೇಳಿ. ಭಾವನಿಗೂ ನೀವೇ ಹೇಳಿ, ಅಕ್ಕನ ಕೈಯಲ್ಲಿ ಹೇಳಿಸಬೇಡಿ.