ವಿಎಂ ಒಳಗೆ ಕಾಣೋ ನೆಟ್‌ವರ್ಕ್ ಸ್ಪೀಡ್ ನಂಬಬಹುದಾ?

ಪ್ರಶ್ನೆ: ಮೇಡಂ, ನಮ್ಮ ಕೆವಿಎಂ ಹೋಸ್ಟ್‌ನಲ್ಲಿ (ಹಲವು ವರ್ಚುವಲ್ ಮೆಷಿನ್, ಅಂದರೆ ವಿಎಂಗಳನ್ನು ತನ್ನೊಳಗೆ ಓಡಿಸುವ ಲಿನಕ್ಸ್ ಸರ್ವರ್) ಇರೋದು 1 ಜಿಬಿಪಿಎಸ್ (ಸೆಕೆಂಡಿಗೆ 1 ಗಿಗಾಬಿಟ್) ನೆಟ್‌ವರ್ಕ್ ಕಾರ್ಡ್. ಅದರ ಮೇಲಿನ ವಿಂಡೋಸ್ ವಿಎಂ "10 ಜಿಬಿಪಿಎಸ್" ಅಂತ ತೋರಿಸುತ್ತಿದೆ. ಪಕ್ಕದ ಲಿನಕ್ಸ್ ವಿಎಂನಲ್ಲಿ ಇಥ್‌ಟೂಲ್ (ಕಾರ್ಡಿನ ವಿವರ ತೋರಿಸುವ ಕಮಾಂಡ್) ಹಾಕಿದರೆ ಸ್ಪೀಡ್ "ಅನ್‌ನೋನ್" ಅಂತ ಬರುತ್ತದೆ. ಅದೇ ಲಿನಕ್ಸ್ ವಿಎಂಗೆ ನಮ್ಮ ಮಾನಿಟರಿಂಗ್‌ನಲ್ಲಿ 900% ಬಳಕೆ ಅಂತ ಕೆಂಪು ಅಲರ್ಟ್ ಬರುತ್ತಿದೆ. ಎರಡೂ ವಿಎಂ ಚೆನ್ನಾಗೇ ಕೆಲಸ ಮಾಡುತ್ತಿವೆ. ಏನು ಕೆಟ್ಟಿದೆ? ಮ್ಯಾನೇಜರ್‌ಗೆ ಏನು ಹೇಳಲಿ?

ಉತ್ತರ: ನೆಟ್‌ವರ್ಕ್ ಕೆಟ್ಟಿಲ್ಲ. ವಿಎಂ ಒಳಗೆ ಕಾಣುವ ಆ ಸಂಖ್ಯೆ ಅಳೆದು ಬಂದದ್ದಲ್ಲ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೇಳಿದ್ದು, ಅಷ್ಟೆ.

ನಿಜವಾದ ಕಾರ್ಡ್‌ನಲ್ಲಿ ಕೇಬಲ್ ಹಾಕಿದ ತಕ್ಷಣ ಆ ತುದಿಯ ಸ್ವಿಚ್ಚೂ ಈ ತುದಿಯ ಕಾರ್ಡೂ ಮಾತಾಡಿಕೊಂಡು 100, 1000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅಂತ ಒಂದು ವೇಗಕ್ಕೆ ಒಪ್ಪಿಕೊಳ್ಳುತ್ತವೆ. ವಿಎಂ ಕಾರ್ಡಿಗೆ ಕೇಬಲ್ಲೇ ಇಲ್ಲ. ಒಪ್ಪಂದ ಮಾಡಿಕೊಳ್ಳೋಕೆ ಎದುರಿಗೆ ಯಾರೂ ಇಲ್ಲ. ಆದರೆ ಆಪರೇಟಿಂಗ್ ಸಿಸ್ಟಂ ಒಂದು ಸಂಖ್ಯೆ ಕೇಳಿಯೇ ಕೇಳುತ್ತದೆ. ಹಾಗಾಗಿ ಡ್ರೈವರ್ ಬರೆದವರು ಒಂದು ಸಂಖ್ಯೆ ಇಟ್ಟಿರುತ್ತಾರೆ. ವಿಎಂವೇರ್‌ನ ವಿಎಂಎಕ್ಸ್‌ನೆಟ್3 ಅನ್ನೋ ವರ್ಚುವಲ್ ಕಾರ್ಡ್ ಸಾಮಾನ್ಯವಾಗಿ 10 ಜಿಬಿಪಿಎಸ್ ಅನ್ನುತ್ತದೆ. ಇ1000 ಅನ್ನೋ ಇನ್ನೊಂದು ವರ್ಚುವಲ್ ಕಾರ್ಡ್ ಯಾವಾಗಲೂ 1 ಜಿಬಿಪಿಎಸ್. ಕೆವಿಎಂನಲ್ಲಿ ಬಳಸೋ ವರ್ಚುವಲ್ ಕಾರ್ಡ್ ವರ್ಟ್‌ಐಓ; ವಿಂಡೋಸ್‌ನ ವರ್ಟ್‌ಐಓ ಡ್ರೈವರ್ 10 ಅನ್ನುತ್ತದೆ, ನಿಮಗೆ ಕಂಡಿದ್ದು ಅದೇ. ಲಿನಕ್ಸ್‌ನ ವರ್ಟ್‌ಐಓ ಡ್ರೈವರ್ ಮಾತ್ರ "ನನಗೆ ಗೊತ್ತಿಲ್ಲ" ಅನ್ನುತ್ತದೆ. ಸಿಸ್‌ಎಫ್‌ಎಸ್‌ನಲ್ಲಿ (ಲಿನಕ್ಸ್ ತನ್ನ ಸಾಧನಗಳ ವಿವರ ಇಡುವ ಫೋಲ್ಡರ್) ಆ ಇಂಟರ್ಫೇಸ್‌ನ, ಅಂದರೆ ಆ ಕಾರ್ಡಿನ, ಸ್ಪೀಡ್ ಫೈಲ್ ತೆರೆದರೆ ಅಲ್ಲಿ -1 ಇರುತ್ತದೆ. ನನ್ನ ಪ್ರಕಾರ ಇವುಗಳಲ್ಲಿ ಪ್ರಾಮಾಣಿಕ ಉತ್ತರ ಅದೊಂದೇ.

ಹೀಗೆ ಹೇಳಿದ ಸಂಖ್ಯೆ ವೇಗವನ್ನು ತಡೆಯುವುದೂ ಇಲ್ಲ. 1 ಜಿಬಿಪಿಎಸ್ ಅಂತ ತೋರಿಸುವ ಇ1000 ಕೂಡ ಅದೇ ಹೋಸ್ಟ್‌ನ ಇನ್ನೊಂದು ವಿಎಂಗೆ ಅದಕ್ಕಿಂತ ಜಾಸ್ತಿ ಕಳಿಸಬಲ್ಲದು. ನಿಜವಾಗಿ ತಡೆಯುವುದು ಹೋಸ್ಟ್ ಕಾರ್ಡ್, ಸಿಪಿಯು, ಮತ್ತು ಯಾರಾದರೂ ಹಾಕಿಟ್ಟ ಮಿತಿ.

ಪ್ರಶ್ನೆ ಕೇಳಿದವರು: ಹಾಗಾದರೆ 900% ಎಲ್ಲಿಂದ ಬಂತು ಮೇಡಂ? ನಾವು ಎಸ್‌ಎನ್‌ಎಂಪಿ (ಯಂತ್ರಗಳಿಂದ ಅಂಕಿಅಂಶ ಕೇಳಿ ಪಡೆಯುವ ನಿಯಮಾವಳಿ) ಮೂಲಕ ಓದುತ್ತೇವೆ.

ಉತ್ತರ: ಎಸ್‌ಎನ್‌ಎಂಪಿ ಅಂದಿರಲ್ಲ, ಅಲ್ಲೇ ಇದೆ ಉತ್ತರ. ಮಾನಿಟರಿಂಗ್ ಟೂಲ್ ಶೇಕಡಾ ಲೆಕ್ಕ ಹಾಕುವುದು ಹೀಗೆ: ಹರಿದ ಬಿಟ್‌ಗಳನ್ನು ಇಂಟರ್ಫೇಸ್ ಹೇಳಿದ ವೇಗದಿಂದ ಭಾಗಿಸುತ್ತದೆ. ಲಿನಕ್ಸ್‌ನ ನೆಟ್-ಎಸ್‌ಎನ್‌ಎಂಪಿ ಏಜೆಂಟ್‌ಗೆ (ವಿಎಂನಲ್ಲಿ ಕೂತು ಆ ಅಂಕಿಅಂಶ ಕೊಡುವ ಪ್ರೋಗ್ರಾಂ) ವೇಗ ಗೊತ್ತಾಗದೇ ಇದ್ದರೆ ಅದು 10 ಎಂಬಿಪಿಎಸ್ ಅಂತ ಹಿಡಿದುಕೊಳ್ಳಬಹುದು. ನಿಮ್ಮ ವಿಎಂನಲ್ಲಿ 90 ಎಂಬಿಪಿಎಸ್ ಹರಿದರೆ, 90 ಭಾಗಿಸು 10, ಬಂತು 900%. ನಿಜವಾದ 1 ಜಿಬಿಪಿಎಸ್‌ಗೆ ಹೋಲಿಸಿದರೆ ಅದು ಬರೀ 9%.

ಖಚಿತ ಮಾಡಿಕೊಳ್ಳೋಕೆ ಒಂದು ಎಸ್‌ಎನ್‌ಎಂಪಿ ವಾಕ್ (ಏಜೆಂಟ್ ಕೊಡುವುದನ್ನೆಲ್ಲ ಪಟ್ಟಿ ಮಾಡುವ ಕಮಾಂಡ್) ಮಾಡಿ, ಇಫ್‌ಸ್ಪೀಡ್ (ಇಂಟರ್ಫೇಸ್ ವೇಗ, ಸೆಕೆಂಡಿಗೆ ಬಿಟ್‌ಗಳಲ್ಲಿ) ಸಾಲು ನೋಡಿ. ಅಲ್ಲಿ 10000000 ಇದ್ದರೆ ಇದೇ ಕಾರಣ. ಸರಿಪಡಿಸೋದು ಸುಲಭ. ಏಜೆಂಟ್‌ನ ಕಾನ್ಫಿಗ್ ಫೈಲಲ್ಲಿ "ಇಂಟರ್ಫೇಸ್" ಅನ್ನೋ ಸಾಲಿಗೆ ಕಾರ್ಡಿನ ಹೆಸರು, ಈಥರ್ನೆಟ್ ಬಗೆಗೆ 6, ಆಮೇಲೆ ವೇಗ 1000000000 ಬರೆದು ಏಜೆಂಟ್ ರೀಸ್ಟಾರ್ಟ್ ಮಾಡಿ.

ಇದರ ಜೊತೆಗೇ ಇನ್ನೊಂದು ನೋಡಿಬಿಡಿ. ಇಫ್‌ಸ್ಪೀಡ್ 32 ಬಿಟ್‌ನದು, ಸುಮಾರು 4.29 ಜಿಬಿಪಿಎಸ್ ದಾಟಿ ಹೇಳೋಕೆ ಅದಕ್ಕೆ ಆಗಲ್ಲ. ಆ 10 ಜಿಬಿಪಿಎಸ್ ವಿಎಂಗೆ ಇಫ್‌ಹೈಸ್ಪೀಡ್ (ಅದೇ ವೇಗ, ಮೆಗಾಬಿಟ್ ಲೆಕ್ಕದಲ್ಲಿ) ಓದಬೇಕು. ಹರಿದ ಬೈಟ್‌ಗಳನ್ನು ಎಣಿಸುವ ಹಳೆಯ 32 ಬಿಟ್ ಕೌಂಟರ್‌ಗಳದ್ದೂ ಇದೇ ಕಥೆ: 1 ಜಿಬಿಪಿಎಸ್ ಪೂರ್ತಿ ಹರಿದರೆ 34 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತವೆ. ನೀವು 5 ನಿಮಿಷಕ್ಕೊಮ್ಮೆ ಓದುತ್ತಿದ್ದರೆ ಎಷ್ಟು ಸಲ ಸುತ್ತು ಬಂತು ಅಂತ ತಿಳಿಯೋದೇ ಇಲ್ಲ. 64 ಬಿಟ್ ಕೌಂಟರ್ ಬಳಸಿ. ಅದಕ್ಕೆ ಎಸ್‌ಎನ್‌ಎಂಪಿ ಆವೃತ್ತಿ 2ಸಿ ಅಥವಾ 3 ಬೇಕು, 1ರಲ್ಲಿ ಅದು ಇಲ್ಲ.

ಮತ್ತೊಬ್ಬ ಸದಸ್ಯರು: ಲಿನಕ್ಸ್ ವಿಎಂನಲ್ಲಿ ಇಥ್‌ಟೂಲ್‌ನಿಂದಲೇ 10000 ಅಂತ ಸೆಟ್ ಮಾಡಿದೆ, ತಗೊಂಡಿತು! ಈಗ ವೇಗ ಜಾಸ್ತಿ ಆಗುತ್ತಾ?

ಉತ್ತರ: ಇಲ್ಲ. ವರ್ಟ್‌ಐಓ ಆ ಸಂಖ್ಯೆಯನ್ನು ಸುಮ್ನೆ ಬರೆದಿಟ್ಟುಕೊಂಡು, ಕೇಳಿದವರಿಗೆ ವಾಪಸ್ ಹೇಳುತ್ತದೆ. ಒಂದು ಪ್ಯಾಕೆಟ್ ಕೂಡ ಬೇಗ ಹೋಗಲ್ಲ. ರೀಬೂಟ್ ಮಾಡಿದರೆ ಅದೂ ಹೋಗುತ್ತದೆ. ಹೋಸ್ಟ್ ಕಡೆಯಿಂದ ಕೊಡಬೇಕು ಅಂದರೆ ಕ್ಯೂಎಮುವಿನ (ಕೆವಿಎಂ ಜೊತೆ ಸೇರಿ ವಿಎಂ ಓಡಿಸುವ ಪ್ರೋಗ್ರಾಂ) ವರ್ಟ್‌ಐಓ ಕಾರ್ಡಿಗೆ ಸ್ಪೀಡ್, ಡುಪ್ಲೆಕ್ಸ್ (ಒಟ್ಟಿಗೇ ಎರಡೂ ದಿಕ್ಕಿಗೆ ಕಳಿಸಬಹುದಾ ಅನ್ನೋದು) ಅನ್ನೋ ಎರಡು ಸೆಟ್ಟಿಂಗ್ ಇವೆ.

ಹಾಗಂತ ಈ ಸಂಖ್ಯೆ ಏನಾದರೂ ಇರಲಿ ಅಂತ ಬಿಡಬೇಡಿ. ಅದನ್ನು ಓದಿ ತೀರ್ಮಾನ ಮಾಡುವವರು ಇದ್ದಾರೆ. ವಿಂಡೋಸ್‌ನಲ್ಲಿ ಎರಡು ಕಾರ್ಡ್ ಇದ್ದರೆ ಆಟೋಮ್ಯಾಟಿಕ್ ಮೆಟ್ರಿಕ್ (ಯಾವ ಕಾರ್ಡಿಗೆ ಆದ್ಯತೆ ಅನ್ನೋ ಅಂಕಿ) ಲೆಕ್ಕ ಆಗುವುದೇ ಈ ವೇಗದಿಂದ, ಯಾವ ದಾರಿಯಲ್ಲಿ ಹೋಗಬೇಕು ಅನ್ನೋದಕ್ಕೆ ಅದು ಮುಖ್ಯ. ಎಸ್‌ಎಂಬಿ ಮಲ್ಟಿಚಾನೆಲ್ (ವಿಂಡೋಸ್ ಫೈಲ್ ಹಂಚಿಕೆಗೆ ಹಲವು ಕಾರ್ಡ್ ಬಳಸುವ ಸೌಲಭ್ಯ) ಕೂಡ ಕಾರ್ಡ್ ಆರಿಸುವಾಗ ವೇಗ ನೋಡುತ್ತದೆ. ಬ್ಯಾಕಪ್‌ಗೆ ಅಂತ ಇಟ್ಟ ಕಾರ್ಡ್ ಸುಳ್ಳೇ 10 ಅಂದರೆ ಎಲ್ಲಾ ಟ್ರಾಫಿಕ್ ಅದರ ಮೇಲೆ ಬೀಳಬಹುದು. ಆದ್ದರಿಂದ ಅಡಿಯಲ್ಲಿರುವ ನಿಜವಾದ ಕಾರ್ಡಿಗೆ ಹೊಂದುವ ಸಂಖ್ಯೆಯನ್ನೇ ಹಾಕಿ.

ಅದೇ ಸದಸ್ಯರು: ಅದಕ್ಕೇ ಇರಬೇಕು, ವಿಎಂ ಒಳಗೆ ಎಲ್‌ಎಸಿಪಿ ಬಾಂಡ್ (ಎರಡು ಕಾರ್ಡ್ ಸೇರಿಸಿ ಒಂದೇ ಲಿಂಕ್ ಮಾಡುವುದು) ಮಾಡಿದರೆ ಕೂಡುತ್ತಲೇ ಇರಲಿಲ್ಲ.

ಉತ್ತರ: ಅದೂ ಒಂದು ಕಾರಣ. ಎರಡು ಕಾರ್ಡ್ ಒಂದೇ ಗುಂಪಿಗೆ ಸೇರಬೇಕಾದರೆ ವೇಗವೂ ಡುಪ್ಲೆಕ್ಸೂ ಗೊತ್ತಿರಬೇಕು. ಆದರೆ ಎಲ್‌ಎಸಿಪಿಯನ್ನು ವಿಎಂ ಒಳಗೆ ಮಾಡಲೇಬೇಡಿ. ಲಿನಕ್ಸ್ ಬ್ರಿಡ್ಜ್ (ವಿಎಂಗಳನ್ನು ಹೊರಗಿನ ಕಾರ್ಡಿಗೆ ಜೋಡಿಸುವ ಹೋಸ್ಟ್‌ನ ಸಾಫ್ಟ್‌ವೇರ್ ಸ್ವಿಚ್) ಎಲ್‌ಎಸಿಪಿ ಪ್ಯಾಕೆಟ್‌ಗಳನ್ನು ಮುಂದೆ ಕಳಿಸುವುದೇ ಇಲ್ಲ. ಬಾಂಡ್ ಹೋಸ್ಟ್‌ನಲ್ಲಿ ಇರಲಿ.

ಪ್ರಶ್ನೆ ಕೇಳಿದವರು: ಸರಿ ಮೇಡಂ. ನಿಜವಾದ ವೇಗ ಎಷ್ಟು ಅಂತ ನೋಡೋದು ಹೇಗೆ? ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 112 ಎಂಬಿ ಮಾತ್ರ ಬರುತ್ತಿದೆ.

ಉತ್ತರ: "ಮಾತ್ರ" ಅನ್ನಬೇಡಿ, ನಿಮ್ಮ 1 ಜಿಬಿಪಿಎಸ್ ಕಾರ್ಡ್ ಪೂರ್ತಿ ದುಡಿಯುತ್ತಿದೆ! 1500 ಬೈಟ್‌ನ ಎಂಟಿಯುನಲ್ಲಿ (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೆಡರ್‌ಗಳನ್ನೆಲ್ಲ ಕಳೆದರೆ ಟಿಸಿಪಿಗೆ, ಅಂದರೆ ನಿಮ್ಮ ಡೇಟಾಗೆ, ಸಿಗೋದು 940 ಎಂಬಿಪಿಎಸ್ ಆಸುಪಾಸು. ಅದನ್ನು 8ರಿಂದ ಭಾಗಿಸಿ, ಎಂಬಿಯನ್ನು 1024ರ ಲೆಕ್ಕದಲ್ಲಿ ಹಿಡಿದರೆ 112 ಬರುತ್ತದೆ.

ಆದರೂ ಫೈಲ್ ಕಾಪಿಯಲ್ಲಿ ಡಿಸ್ಕ್‌ನ ಕೆಲಸವೂ ಸೇರಿರುತ್ತದೆ. ನೆಟ್‌ವರ್ಕ್ ಒಂದನ್ನೇ ನೋಡೋಕೆ ಐಪರ್ಫ್3 ಅನ್ನೋ ವೇಗ ಅಳೆಯುವ ಟೂಲ್ ಹಾಕಿ. ಒಂದು ತುದಿ ವಿಎಂನಲ್ಲಿ, ಇನ್ನೊಂದು ತುದಿ ಬೇರೆ ಹೋಸ್ಟ್‌ನಲ್ಲಿ ಇರಲಿ. ಎರಡೂ ಒಂದೇ ಹೋಸ್ಟ್‌ನಲ್ಲಿದ್ದರೆ ಪ್ಯಾಕೆಟ್ ಹೊರಗಿನ ಕಾರ್ಡನ್ನು ಮುಟ್ಟುವುದೇ ಇಲ್ಲ, ಮೆಮೊರಿಯೊಳಗೇ ಕಾಪಿ ಆಗುತ್ತದೆ. ಆಗ ಬರೋ ಸಂಖ್ಯೆ ನಿಮ್ಮ ಸಿಪಿಯು ಬಗ್ಗೆ ಹೇಳುತ್ತದೆ, ಲಿಂಕ್ ಬಗ್ಗೆ ಅಲ್ಲ. ಕನಿಷ್ಠ 30 ಸೆಕೆಂಡ್ ಓಡಿಸಿ, ಎರಡೂ ದಿಕ್ಕಿನಲ್ಲಿ ನೋಡಿ. ಒಂದೇ ಸ್ಟ್ರೀಮ್‌ನಲ್ಲಿ (ಒಂದೇ ಸಂಪರ್ಕದಲ್ಲಿ) ಕಡಿಮೆ ಬಂದು, ನಾಲ್ಕು ಸ್ಟ್ರೀಮ್‌ನಲ್ಲಿ ಜಾಸ್ತಿ ಬಂದರೆ ಲಿಂಕ್ ಚೆನ್ನಾಗಿದೆ, ತಡೆ ಇರೋದು ಬೇರೆ ಕಡೆ. ಒಂದು ಸಿಪಿಯು ಕೋರ್ 100% ಮುಟ್ಟುತ್ತಿದೆಯಾ ಅಂತ ಪಕ್ಕದಲ್ಲಿ ಟಾಪ್ (ಸಿಪಿಯು ಬಳಕೆ ತೋರಿಸುವ ಕಮಾಂಡ್) ತೆರೆದು ನೋಡಿ.

ಇನ್ನೊಬ್ಬರು: ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು) ಆದಾಗಲೆಲ್ಲ ನಮ್ಮ ಗ್ರಾಫ್‌ನಲ್ಲಿ ಚೂಪಾದ ಏರಿಕೆ ಕಾಣುತ್ತದೆ. ಅಷ್ಟು ಟ್ರಾಫಿಕ್ ಇರೋದಕ್ಕೆ ಸಾಧ್ಯವೇ ಇಲ್ಲ.

ಉತ್ತರ: ವೇಗ ಅಂದರೆ ಬೈಟ್ ಭಾಗಿಸು ಸಮಯ ಅಲ್ವಾ? ಬೈಟ್ ಎಣಿಕೆ ಸರಿಯಾಗಿದ್ದು ಸಮಯ ತಪ್ಪಿದ್ದರೂ ಉತ್ತರ ತಪ್ಪುತ್ತದೆ. ಮೈಗ್ರೇಶನ್ ಸಮಯದಲ್ಲಿ ವಿಎಂ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಮ್ಮ ಏಜೆಂಟ್ ಪ್ರತಿ ಸಲವೂ "10 ಸೆಕೆಂಡ್ ಆಯ್ತು" ಅಂತ ಕಣ್ಣು ಮುಚ್ಚಿ ಭಾಗಿಸುತ್ತಿದ್ದರೆ, ನಿಜವಾಗಿ ಕಳೆದ 14 ಸೆಕೆಂಡಿನ ಬೈಟ್‌ಗಳೆಲ್ಲ 10ರ ಲೆಕ್ಕಕ್ಕೆ ಬೀಳುತ್ತವೆ. ಎರಡು ಓದುವಿಕೆಗಳ ನಡುವೆ ಕಳೆದ ನಿಜವಾದ ಸಮಯದಿಂದ ಭಾಗಿಸುವ ಹಾಗೆ ಸೆಟ್ ಮಾಡಿ.

ಅನುಮಾನ ಬಂದರೆ ಹೋಸ್ಟ್‌ನಲ್ಲಿ ಆ ವಿಎಂನ ಟ್ಯಾಪ್ ಇಂಟರ್ಫೇಸ್ (ವಿಎಂ ಕಾರ್ಡಿಗೆ ಹೋಸ್ಟ್ ಕಡೆಯ ತುದಿ) ಕೌಂಟರ್‌ಗಳನ್ನು ಹೋಲಿಸಿ ನೋಡಿ. ಅಲ್ಲಿ ದಿಕ್ಕು ಉಲ್ಟಾ ಇರುತ್ತದೆ: ವಿಎಂ ಕಳಿಸಿದ್ದು ಟ್ಯಾಪ್‌ಗೆ "ಬಂದದ್ದು". ಇದನ್ನು ಮರೆತರೆ ಡೌನ್‌ಲೋಡ್ ಗ್ರಾಫನ್ನು ಅಪ್‌ಲೋಡ್ ಅಂತ ಓದಿಬಿಡುತ್ತೀರಿ. ಮೈಗ್ರೇಶನ್ ಆದ ಮೇಲೆ ಹೊಸ ಹೋಸ್ಟ್‌ನಲ್ಲಿ ಈ ಕೌಂಟರ್ ಸೊನ್ನೆಯಿಂದ ಶುರುವಾಗಿರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ ಕೇಳಿದವರು: ಇಫ್‌ಸ್ಪೀಡ್ ನೋಡಿದೆ ಮೇಡಂ, 10000000 ಅಂತಲೇ ಇತ್ತು. ಕಾನ್ಫಿಗ್ ಬದಲಿಸಿದ ಮೇಲೆ 9% ತೋರಿಸುತ್ತಿದೆ. ವಿಂಡೋಸ್ ವಿಎಂದೂ 1 ಜಿಬಿಪಿಎಸ್‌ಗೆ ಇಳಿಸಬೇಕಾ?

ಉತ್ತರ: ಇಳಿಸಿ. ಈಗ ಅದರ ಕಾರ್ಡ್ ಪೂರ್ತಿ ತುಂಬಿದರೂ ಮಾನಿಟರಿಂಗ್ 10% ಅಂತಲೇ ತೋರಿಸುತ್ತದೆ, ಅಲರ್ಟ್ ಬರುವುದೇ ಇಲ್ಲ. ನಿಮ್ಮ 900%ಗಿಂತ ನನಗೆ ಭಯ ಇರೋದು ಈ ವಿಎಂ ಬಗ್ಗೆ. ಡ್ರೈವರ್‌ನಲ್ಲಿ ಬದಲಿಸೋಕೆ ಆಗದಿದ್ದರೆ ಮಾನಿಟರಿಂಗ್ ಟೂಲ್‌ನಲ್ಲೇ ಆ ಇಂಟರ್ಫೇಸ್‌ಗೆ 1 ಜಿಬಿಪಿಎಸ್ ಅಂತ ಕೈಯಾರೆ ಬರೆದುಬಿಡಿ. ಮ್ಯಾನೇಜರ್‌ಗೂ ಇದನ್ನೇ ಮೊದಲು ಹೇಳಿ.