ನಮ್ಮ ಮನೆ ಗುಂಪಿನಲ್ಲಿ ರಾಂಚೋ ಗ್ರಾಂದೆ

ಶ್ರೀಪಾದ ಕಾಕಾ: (ಫಾರ್ವರ್ಡ್) 1936ರ ಮೆಕ್ಸಿಕೋ ಸಿನಿಮಾ ‘ಅಲ್ಯಾ ಎನ್ ಎಲ್ ರಾಂಚೋ ಗ್ರಾಂದೆ’. ಜಗತ್ತಿನ ಮೊಟ್ಟಮೊದಲ ಕೌಬಾಯ್ ಸಿನಿಮಾ!! ಧಣಿ, ಆಳು ಒಂದೇ ತಾಯಿಯ ಮಕ್ಕಳಂತೆ ಬಾಳಿದ ಕಾಲ. ಈಗೆಲ್ಲಿದೆ ಆ ಪ್ರೀತಿ? ಎಲ್ಲರಿಗೂ ಕಳಿಸಿ.

ಶ್ರೀಪಾದ ಕಾಕಾ: ಮಕ್ಕಳು ತಪ್ಪದೆ ಓದಿ. ನಮ್ಮ ಅಪ್ಪನ ಕಾಲವೂ ಹೀಗೇ ಇತ್ತು.

ಸುಮಾ ಅತ್ತೆ: 🙏🙏 ನಿಜ ಅಣ್ಣ.

ವಿನುತಾ: ಕಾಕಾ, ಇದನ್ನು ಬರೆದವರು ಯಾರು? ಮೊದಲ ಕೌಬಾಯ್ ಸಿನಿಮಾ ಅನ್ನೋದು ತಪ್ಪು. ಅಮೆರಿಕದಲ್ಲಿ 1903ರಲ್ಲೇ ರೈಲು ದರೋಡೆ ಸಿನಿಮಾ ಬಂದಿತ್ತು. ಫೆರ್ನಾಂದೋ ದೆ ಫುಯೆಂತೆಸ್ ಮಾಡಿದ ಈ ಸಿನಿಮಾ ಗೆದ್ದ ಮೇಲೆ ಮೆಕ್ಸಿಕೋದಲ್ಲಿ ಹಾಡು, ಕುದುರೆ, ಹಳ್ಳಿ ಪ್ರೇಮದ ಸಿನಿಮಾಗಳ ಸಾಲೇ ಬಂತು. ಅದರ ನಿಜವಾದ ಹೆಚ್ಚುಗಾರಿಕೆ ಅದು.

ಶ್ರೀಪಾದ ಕಾಕಾ: ಎಲ್ಲದಕ್ಕೂ ಪುರಾವೆ ಕೇಳ್ತೀಯಲ್ಲಮ್ಮ. ಅದರಲ್ಲಿರುವ ನೀತಿ ನೋಡು.

ವಿನುತಾ: ನೀತಿಯನ್ನೇ ನೋಡೋಣ. ಧಣಿ ಫೆಲಿಪೆ. ಅವನ ಜೊತೆ ಆಡಿ ಬೆಳೆದ ಹೋಸೆ ಫ್ರಾನ್ಸಿಸ್ಕೋ ಅವನ ಕೈಕೆಳಗಿನ ಮೇಸ್ತ್ರಿ. ಕ್ರೂಸ್ ಅನ್ನೋ ಅನಾಥ ಹುಡುಗಿಯನ್ನು ಸಾಕಿದವಳೇ ದುಡ್ಡಿನ ಆಸೆಗೆ ಧಣಿ ಹತ್ತಿರ ಕಳಿಸುತ್ತಾಳೆ. ಅವಳು ಗೆಳೆಯ ಮೆಚ್ಚಿದ ಹುಡುಗಿ ಅಂತ ಗೊತ್ತಾದ ಮೇಲೆ ಧಣಿ ಬಿಟ್ಟುಬಿಡುತ್ತಾನೆ. ಗೆಳೆಯನ ಹುಡುಗಿ ಆಗಿರದಿದ್ದರೆ ಅವಳ ಗತಿ ಏನು? ಸಿನಿಮಾ ಅದನ್ನು ಕೇಳೋದೇ ಇಲ್ಲ. ನನಗೆ ಸಿಟ್ಟು ಬರೋದು ಅದಕ್ಕೆ.

ಗಿರೀಶ: ಹೆಂಡದಂಗಡಿಯಲ್ಲಿ ಇಬ್ಬರು ಹಾಡಿನಲ್ಲೇ ಒಬ್ಬರನ್ನೊಬ್ಬರು ಕೆಣಕುತ್ತಾರಲ್ವಾ, ಆ ತುಣುಕು ಯೂಟ್ಯೂಬ್‌ನಲ್ಲಿ ನೋಡಿದ್ದೇನೆ. ಥೇಟ್ ನಮ್ಮ ಜಾತ್ರೆಯ ಹರದೇಶಿ ನಾಗೇಶಿ! ರಾತ್ರಿಯೆಲ್ಲಾ ಸವಾಲ್ ಜವಾಬ್, ಚಕ್ಕಡಿ ಕೆಳಗೆ ಕಂಬಳಿ ಹಾಸಿ ಮಲಗೋದು, ಬೆಳಿಗ್ಗೆ ಎದ್ದರೆ ಮಿರ್ಚಿ ಭಜಿ, ಚುರುಮುರಿ. ಎಂಥ ದಿನಗಳು ಅವು.

ಸುಮಾ ಅತ್ತೆ: ಅದೇ ಜಾತ್ರೆಗೆ ಅಂತ ನಿಮ್ಮಪ್ಪ ನನ್ನ ಬೆಳ್ಳಿ ಗೆಜ್ಜೆ ಒಯ್ದು ಒತ್ತೆ ಇಟ್ಟಿದ್ದ. ಇನ್ನೂ ಬಂದಿಲ್ಲ.

ಗಿರೀಶ: ಅತ್ತೆ, ಅದು ಈಗ ಯಾಕೆ?

ಶ್ರೀಪಾದ ಕಾಕಾ: ವಿಷಯಕ್ಕೆ ಬನ್ನಿ. ಆ ಸಿನಿಮಾದಲ್ಲೇ ಹಿರಿಯ ಧಣಿ ಹೇಳ್ತಾನೆ, ಮಾಲೀಕ ಆದವನು ಬಡವರಿಗೆ ತಂದೆ, ವೈದ್ಯ, ನ್ಯಾಯಾಧೀಶ ಎಲ್ಲಾ ಆಗಬೇಕು ಅಂತ. ಅಂಥ ಮಾತು ಈಗ ಯಾರು ಆಡ್ತಾರೆ?

ವಿನುತಾ: ಹೌದು, ಹೇಳ್ತಾನೆ. ಆದರೆ ಆಗ ಹೊರಗೆ ನಡೀತಿದ್ದದ್ದು ಏನು? ಸಿನಿಮಾ ಬಂದದ್ದು 1936ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಅಧ್ಯಕ್ಷ ಲಾಸರೋ ಕಾರ್ದೆನಾಸ್, ಲಾ ಲಗೂನಾ ಕಡೆಯ ಹತ್ತಿ ಹೊಲಗಳನ್ನು ದುಡಿಯೋರಿಗೆ ಹಂಚುವ ಆದೇಶ ಹೊರಡಿಸಿದ. 1940ರವರೆಗಿನ ಅವನ ಆಡಳಿತದಲ್ಲಿ ಹಂಚಿದ್ದು ಸುಮಾರು 1.8 ಕೋಟಿ ಹೆಕ್ಟೇರ್. ಧಣಿ ತಂದೆಯ ಹಾಗೆ ಇದ್ದಿದ್ದರೆ ಜನ ಭೂಮಿ ಕೇಳ್ತಿದ್ದರಾ? ಇದೇ ನಿರ್ದೇಶಕ ಮೆಕ್ಸಿಕೋ ಕ್ರಾಂತಿಯ ನಾಯಕ ಪಾಂಚೋ ವಿಯಾನ ಸೈನಿಕರ ಬಗ್ಗೆ ಕಹಿಯಾದ ಸಿನಿಮಾ ಮಾಡಿದ್ದ. ಅದು ಓಡಲಿಲ್ಲ, ಇದು ಓಡಿತು. ಇದರ ಛಾಯಾಗ್ರಾಹಕ ಫಿಗೆರೋವಾನ ಕ್ಯಾಮೆರಾ ಕೆಲಸಕ್ಕೆ 1938ರಲ್ಲಿ ವೆನಿಸ್‌ನಲ್ಲಿ ಪ್ರಶಸ್ತಿ ಬಂತು, ಆ ಚೆಲುವನ್ನು ನಾನೂ ಒಪ್ಪುತ್ತೇನೆ.

ಶ್ರೀಪಾದ ಕಾಕಾ: ಅಂದರೆ 1974ರಲ್ಲಿ ಉಳುವವನೇ ಒಡೆಯ ಅನ್ನೋ ಕಾಯ್ದೆಯಲ್ಲಿ ನಮ್ಮ ಕೆರೆ ಪಕ್ಕದ ಹೊಲ ಹೋದದ್ದು ಸರಿ ಅಂತೀಯಾ? ಅದನ್ನು ಗೇಣಿಗೆ ಮಾಡ್ತಿದ್ದವನನ್ನು ಮಗನ ಹಾಗೆ ನೋಡಿಕೊಂಡಿದ್ದೆವು. ಅವನೇ ಹೊಲ ತನಗೆ ಬೇಕು ಅಂತ 7 ನಂಬರ್ ಫಾರ್ಮ್ ಹಾಕಿದ. ನಿಮ್ಮಪ್ಪ ಆಗಲೂ ಅವನ ಪರವೇ ನಿಂತಿದ್ದ.

ವಿನುತಾ: ನಮ್ಮಪ್ಪನ ವಿಷಯ ಎತ್ತಬೇಡಿ ಕಾಕಾ.

ರಾಘು: ಸಿನಿಮಾ ಮಾತು ಹೊಲಕ್ಕೆ ಹೇಗೆ ಬಂತು? ಅರ್ಧ ಓದಿ ಬಿಟ್ಟಿದ್ದೆ.

ಸುಮಾ ಅತ್ತೆ: ಮಗನ ಹಾಗೆ ಅನ್ನಬೇಡ ಅಣ್ಣ. ಕಾಯ್ದೆ ಬರುತ್ತೆ ಅಂತ ಗೊತ್ತಾದ ವರ್ಷ ಅಪ್ಪ ಅವನ ಗೇಣಿ ಬಿಡಿಸೋಕೆ ನೋಡಿದ್ದ. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಕೂತು ಅತ್ತಿದ್ದಳು. ನಾನಿದ್ದೆ ಅಲ್ಲಿ.

ಶ್ರೀಪಾದ ಕಾಕಾ: ಇದನ್ನೆಲ್ಲ ಗುಂಪಿನಲ್ಲಿ ಬರೀಬೇಕಿತ್ತಾ? ಅಳಿಸು.

ಸುಮಾ ಅತ್ತೆ: ಅಳಿಸೋದಿಲ್ಲ. ಮಕ್ಕಳು ತಪ್ಪದೆ ಓದಿ ಅಂದವನು ನೀನೇ.