ಫೀನಿಕ್ಸ್‌ನಲ್ಲಿ ಸೆಕೆ, ಫ್ಲ್ಯಾಗ್‌ಸ್ಟಾಫ್‌ನಲ್ಲಿ ಹಿಮ: ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ರಾಯಚೂರು ಹುಡುಗಿ, ಚಾಂಡ್ಲರ್:
ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ರಾಯಚೂರಿನಿಂದ ಬಂದಿದ್ದಾರೆ. ಇಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಕಡೆ ಈಗಲೇ 32 ಡಿಗ್ರಿ. ಅಪ್ಪ ಸಂಜೆಯಾದರೆ ಲುಂಗಿ-ಬನಿಯನ್‌ನಲ್ಲಿ ಹಿತ್ತಿಲಲ್ಲಿ ಕೂರುತ್ತಾರೆ. ಮುಂದಿನ ವಾರ ಗ್ರ್ಯಾಂಡ್ ಕ್ಯಾನ್ಯನ್ ತೋರಿಸೋಣ ಅಂತ ಫ್ಲ್ಯಾಗ್‌ಸ್ಟಾಫ್‌ನಲ್ಲಿ ರೂಮ್ ಬುಕ್ ಮಾಡಿದ್ದೇನೆ. ಫೋನ್‌ನಲ್ಲಿ ನೋಡಿದರೆ ಅಲ್ಲಿ ಹಗಲು 4, ರಾತ್ರಿ ಮೈನಸ್ 6, ಜೊತೆಗೆ ಹಿಮ ಅಂತ ತೋರಿಸುತ್ತಿದೆ! ಎರಡೂವರೆ ಗಂಟೆ ದಾರಿಗೆ ಇಷ್ಟು ವ್ಯತ್ಯಾಸ ನಿಜವಾ? ಅಮ್ಮನಿಗೆ 66 ವರ್ಷ, ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಬಿಸಿಲು ಅವರಿಗೆ ಲೆಕ್ಕಕ್ಕೇ ಇಲ್ಲ, ಚಳಿಯದ್ದೇ ನನಗೆ ಯೋಚನೆ. ಟ್ರಿಪ್ ಮುಂದಕ್ಕೆ ಹಾಕಲಾ?

ಪೈನ್ ನೆರಳು, ಫ್ಲ್ಯಾಗ್‌ಸ್ಟಾಫ್:
ನಿಜ. ಆದರೆ ಮುಂದಕ್ಕೆ ಹಾಕಬೇಡಿ, ದಯವಿಟ್ಟು. ನಾನು ಇದೇ ಊರಲ್ಲಿ ಇದ್ದೇನೆ. ನಮ್ಮ ಮನೆಯ ಉತ್ತರದ ಗೋಡೆ ಬುಡದಲ್ಲಿ ಈಗಲೂ ಹಿಮದ ದಿಬ್ಬ ಇದೆ. ಮೇಲೆಲ್ಲ ಪೈನ್ ಎಲೆ ಉದುರಿ, ಧೂಳು ಕೂತು ಕಪ್ಪಾಗಿದೆ. ಹತ್ತು ಹೆಜ್ಜೆ ಆಚೆ ಬಿಸಿಲು ಬೀಳುವ ಕಡೆ ನೆಲ ಪೂರ್ತಿ ಒಣಗಿದೆ.

ಎಲ್ಲಾ ಎತ್ತರದ ಕೆಲಸ. ಫೀನಿಕ್ಸ್ ಸುಮಾರು 330 ಮೀಟರ್, ಫ್ಲ್ಯಾಗ್‌ಸ್ಟಾಫ್ ಸುಮಾರು 2,100. ನಾನು ದಿನಾ ತರಕಾರಿ ತರುವ ಅಂಗಡಿ ಮುಳ್ಳಯ್ಯನಗಿರಿ ತುದಿಗಿಂತ ಎತ್ತರದಲ್ಲಿದೆ ಅಂದರೆ ನೋಡಿ! ಒಣ ಗಾಳಿ ಮೇಲೇರಿದಷ್ಟೂ ಹಿಗ್ಗುತ್ತದೆ, ಹಿಗ್ಗಿದಷ್ಟೂ ತಣ್ಣಗಾಗುತ್ತದೆ, ಒಂದು ಕಿಲೋಮೀಟರ್‌ಗೆ 10 ಡಿಗ್ರಿ ಹತ್ತಿರ. ಹಾಗಾಗಿ ಮಧ್ಯಾಹ್ನದ ಹೊತ್ತು 15–17 ಡಿಗ್ರಿ ವ್ಯತ್ಯಾಸ ಇಲ್ಲಿ ಮಾಮೂಲಿ.

ಒಂದು ವಿಷಯ ಗಮನಿಸಿ. ನೀವು ಇವತ್ತಿನ ಫೀನಿಕ್ಸ್ ಮತ್ತು ಮುಂದಿನ ವಾರದ ಫ್ಲ್ಯಾಗ್‌ಸ್ಟಾಫ್ ಹೋಲಿಸುತ್ತಿದ್ದೀರಿ. ಇಲ್ಲಿ ಹಿಮ ಬೀಳುವ ದಿನ ನಿಮ್ಮಲ್ಲೂ 32 ಇರುವುದಿಲ್ಲ, 20ರ ಆಸುಪಾಸಿಗೆ ಇಳಿದಿರುತ್ತದೆ. ಏಪ್ರಿಲ್‌ನಲ್ಲೂ ಪೆಸಿಫಿಕ್ ಕಡೆಯಿಂದ ತಣ್ಣನೆ ಗಾಳಿ ಹೊತ್ತ ಮಳೆ ವ್ಯವಸ್ಥೆಗಳು ಬರುತ್ತಲೇ ಇರುತ್ತವೆ. ನಿಮಗೆ ನಾಲ್ಕು ಹನಿ ಮಳೆ, ನಮಗೆ ಅದೇ ಹಿಮ. ಬಿದ್ದ ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ, ಉಳಿದ ಶಾಖ ಅದನ್ನು ಕರಗಿಸುವುದಕ್ಕೇ ಹೋಗುತ್ತದೆ. ರಾತ್ರಿ ಮೋಡ ಇಲ್ಲದಿದ್ದರೆ ನೆಲದ ಬಿಸಿಯೂ ಆಕಾಶಕ್ಕೆ. ಇಲ್ಲಿ ಜೂನ್‌ನಲ್ಲೂ ಕೆಲವು ರಾತ್ರಿ ಸೊನ್ನೆಗೆ ಇಳಿಯುತ್ತದೆ, ಟೊಮೇಟೊ ಸಸಿ ನೆಡಲು ಅವಸರ ಮಾಡುವ ಹಾಗಿಲ್ಲ.

ಹೆದರಬೇಕಾದ್ದು ಚಳಿಗಲ್ಲ, ರಸ್ತೆಗೆ. ಹಗಲು ಕರಗಿದ ನೀರು ರಾತ್ರಿ ತೆಳ್ಳಗೆ ಹೆಪ್ಪುಗಟ್ಟುತ್ತದೆ. ಕಣ್ಣಿಗೆ ಬರೀ ಒದ್ದೆ ರಸ್ತೆ. ಬೆಳಗ್ಗೆ 10ರ ಮೇಲೆ ಹೊರಡಿ, ಕತ್ತಲಾಗುವ ಮುಂಚೆ ರೂಮ್ ಸೇರಿ. ಹಿಮ ಜೋರಾಗಿ ಬೀಳುವ ದಿನ ಸುಮ್ನೆ ರೂಮಿನಲ್ಲೇ ಇರಿ. ಮಾರನೆಯ ದಿನ ಬಿಸಿಲು ಬಂದಾಗ ಕ್ಯಾನ್ಯನ್ ನೋಡಿ. ಕೆಂಪು ಬಂಡೆಯ ಪದರಗಳ ಮೇಲೆ ಬಿಳಿ ಗೆರೆ ಎಳೆದಂತೆ ಹಿಮ ನಿಂತಿರುತ್ತದೆ. ಜುಲೈನಲ್ಲಿ ಬಂದವರಿಗೆ ಅದು ಸಿಗುವುದಿಲ್ಲ.

ಬರುವಾಗ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿ ಏರು ಶುರುವಾದರೆ ಸಗ್ವಾರೋ ಕಳ್ಳಿಗಳು ಕಡಿಮೆಯಾಗುತ್ತವೆ, ಹುಲ್ಲುಬಯಲು ಬರುತ್ತದೆ, ಕೊನೆಗೆ ಪಾಂಡೆರೋಸಾ ಪೈನ್ ಕಾಡು. ಆಗಾಗ ಕಿಟಕಿ ಇಳಿಸಿ ಕೈ ಹೊರಗಿಟ್ಟರೆ ಅವರಿಗೇ ಗೊತ್ತಾಗುತ್ತದೆ.

ಗಿಲ್ಬರ್ಟ್ ಸೊಸೆ:
ಸೀರೆ ವಿಷಯ ನಾನು ಹೇಳುತ್ತೇನೆ, ನಮ್ಮ ಅತ್ತೆಯೂ ಸೀರೆಯವರೇ. ಲಂಗದ ಒಳಗೆ ಥರ್ಮಲ್ ಪ್ಯಾಂಟ್, ರವಿಕೆ ಮೇಲೆ ಉದ್ದ ತೋಳಿನ ಥರ್ಮಲ್, ಮೇಲೆ ಜಾಕೆಟ್. ಶಾಲು ಒಂದೇ ಸಾಲದು, ಕ್ಯಾನ್ಯನ್ ಅಂಚಿನಲ್ಲಿ ಗಾಳಿ ತುಂಬಾ. ಸೀರೆಯನ್ನು ಒಂದು ಗೇಣು ಮೇಲೆ ಉಡಲು ಹೇಳಿ ಅಕ್ಕ. ಕರಗಿದ ಹಿಮದ ನೀರು ಅಂಚಿಗೆ ತಗುಲಿದರೆ ಫಾಲ್ ಪೂರ್ತಿ ನೀರು ಹೀರಿ, ಭಾರವಾಗಿ ಕಣಕಾಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಹೊದ್ದರೂ ನಡುಕ ನಿಲ್ಲುವುದಿಲ್ಲ. ಚಪ್ಪಲಿ ಬೇಡವೇ ಬೇಡ. ಉಣ್ಣೆ ಕಾಲುಚೀಲ, ಹಿಡಿತ ಇರುವ ಶೂ ಕೊಡಿಸಿ.

ರೂಮಿನಲ್ಲಿ ಒಲೆ ಇದ್ದರೆ ಕುಕ್ಕರ್ ಒಯ್ಯಿರಿ. ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ.

ಟೆಂಪಿ ಮಾವ:
ವಯಸ್ಸಾದವರು ಇದ್ದಾರೆ, ಸುಮ್ನೆ ಸೆಡೋನಾದಲ್ಲಿ ಉಳಿಯಿರಿ. ಅದು 1,300 ಮೀಟರ್ ಅಷ್ಟೇ, ಚಳಿ ಕಡಿಮೆ.

ಪೈನ್ ನೆರಳು:
ಚಳಿ ಕಡಿಮೆ, ಒಪ್ಪಿದೆ ಸರ್. ಆದರೆ ಅಲ್ಲಿಂದ ಕ್ಯಾನ್ಯನ್‌ಗೆ ಹೋಗಲು ಮತ್ತೆ ಮೇಲೇರಲೇಬೇಕು. ಓಕ್ ಕ್ರೀಕ್ ಕಣಿವೆಯ ತಿರುವುಗಳು ಹಿಮದಲ್ಲಿ ಒಳ್ಳೆಯದಲ್ಲ. ಅಲ್ಲಿ ಉಳಿದುಕೊಂಡರೂ ಐ-17 ಹೆದ್ದಾರಿ ಕಡೆಯಿಂದಲೇ ಹೋಗಲಿ.

ರಾಯಚೂರು ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಹೋಗುವುದು ಅಂತ ಆಯಿತು. ಅಮ್ಮ ಆಗಲೇ ಜಾಕೆಟ್ ಹಾಕಿ ಕನ್ನಡಿ ಮುಂದೆ ನಿಂತಿದ್ದಾರೆ. ಅಪ್ಪನಿಗೆ ಕಣಿವೆಯೊಳಗೆ ಸ್ವಲ್ಪ ಇಳಿಯುವ ಆಸೆ. ಆಗುತ್ತದಾ?

ಪೈನ್ ನೆರಳು:
ಈ ಸಲ ಬೇಡ ಅನ್ನಿ. ದಾರಿಯ ಮೇಲ್ಭಾಗ ನೆರಳಲ್ಲಿದೆ, ತುಳಿದು ಗಟ್ಟಿಯಾದ ಹಿಮ ಬೇಗ ಕರಗುವುದಿಲ್ಲ. ಶೂಗೆ ಮುಳ್ಳುಪಟ್ಟಿ ಕಟ್ಟದೆ ಯಾರೂ ಇಳಿಯಬಾರದು. ತಳದಲ್ಲಿ ನದಿ ಹತ್ತಿರ ಸುಮಾರು 760 ಮೀಟರ್, ಅಲ್ಲಿ ಮತ್ತೆ ನಿಮ್ಮ ಫೀನಿಕ್ಸ್ ತರಹದ ಬಿಸಿಲು. ಅಂಚಿನ ಉದ್ದಕ್ಕೂ ಸಮತಟ್ಟಾದ ದಾರಿ ಇದೆ, ಅಲ್ಲಿ ನಿಧಾನವಾಗಿ ನಡೆಯಲಿ. ಎತ್ತರಕ್ಕೆ ಮೊದಲ ದಿನ ಏದುಸಿರು ಬರಬಹುದು, ನೀರು ಜಾಸ್ತಿ ಕುಡಿಸಿ. ಬಿಪಿ ಮಾತ್ರೆ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ.

ಇನ್ನೊಂದು, ಕಾರಿನ ಗಾಜು ತೊಳೆಯುವ ನೀರು ಬದಲಾಯಿಸಿ. ಫೀನಿಕ್ಸ್‌ನಲ್ಲಿ ತುಂಬಿಸಿದ್ದು ಬೇಸಿಗೆಯದ್ದಾದರೆ ಇಲ್ಲಿ ಹೆಪ್ಪುಗಟ್ಟುತ್ತದೆ. ಲಾರಿ ಎರಚಿದ ಕೆಸರು ಗಾಜಿನ ಮೇಲೆ ಕೂತಾಗ ಅದು ಬೇಕೇ ಬೇಕು. ಚಳಿಗಾಲದ್ದು ಇಲ್ಲಿನ ಗ್ಯಾಸ್ ಸ್ಟೇಷನ್‌ಗಳಲ್ಲಿ ಸಿಗುತ್ತದೆ, ಆದರೆ ಹೊರಡುವ ಮುಂಚೆಯೇ ತುಂಬಿಸಿಕೊಳ್ಳಿ.